ಮೂರು ನಿಮಿಷದ ಸಾಲೋಮಿ ಆಂಟಿ

ಸಾಲೋಮಿ ಆಂಟಿಯ ಮನೆಯಲ್ಲಿ ಯಾರು ಪ್ರಾರ್ಥನೆ ಮಾಡಿದರೂ ಸಿಗುತ್ತಿದ್ದದ್ದು ಮೂರೇ ನಿಮಿಷ. ಶುಕ್ರವಾರದ ಕೂಟಕ್ಕೆ ಎಷ್ಟು ದೊಡ್ಡ ಪಾಸ್ಟರ್ ಬಂದರೂ ಅಷ್ಟೇ. ಅವರು ಕಣ್ಣು ಮುಚ್ಚಿ, ಕೈ ಮೇಲೆತ್ತಿ, ಬಸವೇಶ್ವರನಗರದಿಂದ ಶುರುಮಾಡಿ ಲೋಕದ ಸಕಲ ರಾಜ್ಯಗಳನ್ನು ಕರ್ತನ ಪಾದಕ್ಕೆ ಒಪ್ಪಿಸುತ್ತಾ ಇನ್ನೇನು ಆಫ್ರಿಕಾ ತಲುಪಬೇಕು, ಅಷ್ಟರಲ್ಲಿ ಮೂಲೆಯ ಬೆತ್ತದ ಕುರ್ಚಿಯಿಂದ ಇಸ್ತ್ರಿ ಮಾಡಿದಂಥ ಒಂದು ದನಿ ಬರುತ್ತಿತ್ತು: “ಪಾಸ್ಟರ್, ಮೂರು ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?”

ಅಭ್ಯಾಸ ಇದ್ದವರು “ಮಾಡಿ ಸಿಸ್ಟರ್” ಅನ್ನೋರು. ಹೊಸಬರು ಬೆಚ್ಚಿಬಿದ್ದು ಅಲ್ಲೇ ಆಮೆನ್ ಹೇಳಿ ಕೂತುಬಿಡೋರು. ಆಂಟಿಗೆ ಇದರಲ್ಲಿ ತಮಾಷೆ ಏನೂ ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು ರಿಟೈರ್ ಆದವರು. ಮೂರು ನಿಮಿಷಕ್ಕೊಮ್ಮೆ ಲೈನಿಗೆ ಬಂದು ಎಚ್ಚರಿಸೋದು ಅವರ ಮೂಳೆಗೇ ಹೋಗಿತ್ತು.

ನಾನು ಅವರ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆ. ದಾವಣಗೆರೆಯವಳು, ಹಣೆಗೆ ವಿಭೂತಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಡುವವಳಲ್ಲ. ಹತ್ತಿರದ ಲ್ಯಾಬ್ ಒಂದರಲ್ಲಿ ರಕ್ತ ತೆಗೆಯೋ ಕೆಲಸ. ಮನೆ ನೋಡೋಕೆ ಬಂದ ದಿನ ಇವರು ನನ್ನ ಹಣೆ ನೋಡಿ ಏನನ್ನುತ್ತಾರೋ ಅಂತ ಅಳುಕಿತ್ತು. ಆಂಟಿ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಕಡೆ ಲೈನ್ ಹೇಗಿದೆ? ಕ್ಲಿಯರಾಗಿ ಸಿಗುತ್ತಾ?” ನನಗೆ ತಲೆಬುಡ ಅರ್ಥ ಆಗಲಿಲ್ಲ. ಸಿಗುತ್ತೆ ಆಂಟಿ ಅಂದೆ. “ಪುಣ್ಯವಂತೆ. ಬೀಗದ ಕೈ ತಗೋ” ಅಂದರು.

ಟ್ರಂಕ್ ಕಾಲಿನ ಹಾಗೆಯೇ ಅವರ ಪ್ರಾರ್ಥನೆಗಳಲ್ಲೂ ಆರ್ಡಿನರಿ, ಅರ್ಜೆಂಟು, ಲೈಟ್ನಿಂಗ್ ಅಂತ ಮೂರು ದರ್ಜೆ ಇದ್ದವು. ನಾಳೆ ನೀರು ಬರಲಿ ಅನ್ನೋದು ಆರ್ಡಿನರಿ. ಎದುರುಮನೆ ಮಗುವಿನ ಜ್ವರ ಅರ್ಜೆಂಟು. ಲೈಟ್ನಿಂಗ್ ಮಾತ್ರ ಪ್ರಾಣಾಪಾಯಕ್ಕೆ ಮೀಸಲು. “ಸುಮ್ ಸುಮ್ನೆ ಬುಕ್ ಮಾಡಿದ್ರೆ ನಿಜವಾಗ್ಲೂ ಬೇಕಾದಾಗ ಯಾರು ಎತ್ತುತಾರೆ?” ಅನ್ನೋರು.

ಪ್ರಾರ್ಥನೆ ಮಾಡಿಸಿ ತಂದ ಕೊಬ್ಬರಿ ಎಣ್ಣೆಯ ಒಂದು ಸಣ್ಣ ಬಾಟಲಿ ಅವರ ಸೊಂಟದಲ್ಲಿ ಯಾವಾಗಲೂ ಇರುತ್ತಿತ್ತು. ಗೇಟಿಗೆ, ನೀರಿನ ಮೋಟರಿಗೆ, ಗ್ಯಾಸ್ ಸಿಲಿಂಡರಿಗೆ, ಎಲ್ಲದಕ್ಕೂ ಬೆರಳಲ್ಲಿ ಒಂದು ಶಿಲುಬೆ. ನನ್ನ ಸ್ಕೂಟರಿನ ಸೀಟಿಗೂ ಎಳೆದುಬಿಟ್ಟಿದ್ದರು. ನಾನು ನೋಡದೆ ಕೂತು ಲ್ಯಾಬಿಗೆ ಹೋಗಿ ಇಡೀ ದಿನ ಹಿಂದೆ ಎಣ್ಣೆಕಲೆ ಹೊತ್ತು ಓಡಾಡಿದ್ದೇ ಓಡಾಡಿದ್ದು. ಅದೇ ವಾರ ಮಾಗಡಿ ರೋಡಿನಲ್ಲಿ ಸ್ಕಿಡ್ ಆಗಿ ಬಿದ್ದು ಮೊಣಕೈ ತರಚಿಕೊಂಡು ಬಂದೆ. ಮೈಯೆಲ್ಲ ಉರಿಯುತ್ತಿತ್ತು, ಸಿಟ್ಟು ಅದಕ್ಕಿಂತ ಹೆಚ್ಚು.

“ಎಲ್ಲಿ ಹೋಯ್ತಾಂಟಿ ನಿಮ್ಮ ಎಣ್ಣೆಯ ರಕ್ಷಣೆ?” ಅಂದೆ.

“ತಲೆ ಒಡೀಲಿಲ್ವಲ್ಲ.”

“ಅದು ಹೆಲ್ಮೆಟ್ ಇತ್ತು.”

“ಹೆಲ್ಮೆಟ್ಟಿಗೂ ಹಚ್ಚಿದ್ದೆ ಕಣೇ.”

ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಅವರ ಯಜಮಾನರು ಲೈನ್‌ಮನ್ ಆಗಿದ್ದವರು, ಕಂಬದಿಂದ ಬಿದ್ದು ತೀರಿಕೊಂಡಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ: “ಅಂಕಲ್‌ಗೆ ಯಾಕೆ ಹಚ್ಚಲಿಲ್ಲ ಮತ್ತೆ?” ಕೇಳಿದ ಮರುಗಳಿಗೆ ನಾಲಿಗೆ ಕಚ್ಚಿಕೊಂಡೆ. ಆಂಟಿ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮೊಣಕೈಗೆ ಡೆಟಾಲ್ ಒತ್ತುತ್ತಾ, “ಅವತ್ತೂ ಇಬ್ಬರೂ ಪ್ರಾರ್ಥನೆ ಮಾಡ್ಕೊಂಡೇ ಡ್ಯೂಟಿಗೆ ಹೋಗಿದ್ವಿ” ಅಂದರು. “ಯಾಕೆ ಹಿಂಗ್ಮಾಡ್ದೆ ಅಂತ ಆಮೇಲೆ ಎಷ್ಟೋ ದಿನ ಕೇಳ್ದೆ. ಆ ಕಡೆಯಿಂದ ಒಂದು ಮಾತಿಲ್ಲ. ಆದ್ರೆ ಲೈನ್ ಸತ್ತಿರ್ಲಿಲ್ಲ ಶೈಲಾ. ಸತ್ತ ಲೈನು ಬೇರೆ ಥರ ಇರುತ್ತೆ, ಕಿವಿಗಿಟ್ಟ ತಕ್ಷಣ ನಂಗೆ ಗೊತ್ತಾಗುತ್ತೆ. ಇದು ಯಾರೋ ಎತ್ಕೊಂಡು ಸುಮ್ನಿದ್ದ ಹಾಗಿತ್ತು.” ಆಮೇಲೆ ಮೋಟರ್ ಆಫ್ ಮಾಡಿಲ್ಲ ಅಂತ ನನ್ನನ್ನೇ ಬೈದರು.

ಇಂಥವರು ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡ ಕಥೆ ಇದು.

ಆ ವರ್ಷ ಅವರ ಬಲಮೊಣಕಾಲು ಸವೆದು ಹೋಗಿತ್ತು. ಊರುಗೋಲಿಲ್ಲದೆ ಬಚ್ಚಲಿಗೂ ಹೋಗೋಕಾಗುತ್ತಿರಲಿಲ್ಲ. ಆಗಲೇ ಕೂಟಕ್ಕೆ ತಿಮೊಥಿ ಅಂತ ಹೊಸ ಪಾಸ್ಟರ್ ಬಂದರು. ಇಪ್ಪತ್ತಾರು ಇಪ್ಪತ್ತೇಳರ ಪ್ರಾಯ, ಅಳತೆಗಿಂತ ದೊಡ್ಡ ಕೋಟು. ಮೊದಲನೇ ಶುಕ್ರವಾರವೇ ಹುಮ್ಮಸ್ಸಿನಲ್ಲಿ, “ಇಲ್ಲಿ ಯಾರಿಗೋ ಮೊಣಕಾಲು ನೋವಿದೆ, ಕರ್ತನು ಈಗಲೇ ಮುಟ್ಟುತ್ತಿದ್ದಾನೆ, ಎದ್ದು ನಡೆಯಿರಿ” ಅಂದುಬಿಟ್ಟರು. ಯಾರೂ ಅಲುಗಾಡಲಿಲ್ಲ. ಇನ್ನೊಮ್ಮೆ ಅಂದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಚಹಾದ ಟ್ರೇ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಆ ಹುಡುಗನ ಕಿವಿ ಕೆಂಪಾಗುವುದು ಅಲ್ಲಿಗೇ ಕಾಣುತ್ತಿತ್ತು. ಆಗ ಆಂಟಿ ಊರುಗೋಲನ್ನು ಗೋಡೆಗೆ ಒರಗಿಸಿ ಎದ್ದರು. ಟಿವಿ ಸ್ಟ್ಯಾಂಡಿನವರೆಗೆ ನಡೆದರು, ವಾಪಸ್ ಬಂದರು, “ಸ್ತೋತ್ರ, ವಾಸಿಯಾಯ್ತು” ಅಂದು ಕೂತರು. ಹಾಲ್ ತುಂಬಾ ಹಲ್ಲೆಲೂಯಾ.

ಎಲ್ಲರೂ ಹೋದ ಮೇಲೆ ನೋಡಿದರೆ ಮೊಣಕಾಲು ಹಲಸಿನಕಾಯಿ ಆಗಿತ್ತು. “ಏನಾಂಟಿ ಇದು, ನಿಮಗೇನು ಹುಚ್ಚಾ?” ಅಂದೆ.

“ಆ ಹುಡುಗನ ಮುಖ ನೋಡಿದ್ಯಾ? ಕಾಲ್ ಕನೆಕ್ಟ್ ಮಾಡಿದಾನೆ, ಯಾರೂ ಎತ್ತುತಾ ಇಲ್ಲ. ಪಾಪ ಅನ್ನಿಸ್ತು. ಯಾರಾದ್ರೂ ಹಲೋ ಅನ್ಬೇಕಲ್ಲ.”

ಹಲೋ ಅಂದಿದ್ದು ದುಬಾರಿಯಾಯಿತು. ವಾಸಿಯಾಯ್ತು ಅಂತ ಸಾಕ್ಷಿ ಹೇಳಿದ ಮೊಣಕಾಲನ್ನು ನೋಡಲು ಅನ್ನಪೂರ್ಣೇಶ್ವರಿ ನಗರದಿಂದ, ಹೆಗ್ಗನಹಳ್ಳಿಯಿಂದ ಜನ ಬರತೊಡಗಿದರು. ಬಂದವರೆಲ್ಲ “ಒಂಚೂರು ನಡೆದು ತೋರಿಸಿ ಆಂಟಿ” ಅನ್ನೋರು. ಆಂಟಿ ಟಿವಿ ಸ್ಟ್ಯಾಂಡಿನವರೆಗೆ ಹೋಗಿ ಬರೋರು. ಮೊಬೈಲಿನಲ್ಲಿ ವಿಡಿಯೋ ಬೇರೆ. ಊರುಗೋಲು ನನ್ನ ಮಂಚದ ಕೆಳಗೆ ಅಡಗಿತು. ಗೇಟಿನ ಸದ್ದಾದರೆ ನಾನು ಬಿಸಿನೀರಿನ ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತಿ ಓಡಬೇಕು. ವಿಭೂತಿ ಬಳಿದುಕೊಂಡು ಯೇಸುವಿನ ಪವಾಡಕ್ಕೆ ಕಾವಲು ಕಾಯುವ ಕರ್ಮ ನನ್ನದಾಯಿತಲ್ಲಪ್ಪ ಶಿವನೇ ಅಂದುಕೊಳ್ಳುತ್ತಿದ್ದೆ.

ನಾಲ್ಕನೇ ಶುಕ್ರವಾರ ಮಧ್ಯಾಹ್ನ ಹಟ ಹಿಡಿದು ಅವರನ್ನು ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಹೊರಡಿಸಿದೆ. ಯಾರಾದರೂ ನೋಡಿಬಿಟ್ಟರೆ ಅಂತ ನನ್ನ ಫುಲ್ ಹೆಲ್ಮೆಟ್ ಹಾಕಿಕೊಂಡರು. ಸ್ಕೂಟರಿನಿಂದ ಇಳಿದರೂ ತೆಗೆಯಲಿಲ್ಲ. ಒಳಗೆ ಬೆಂಚಿನ ಮೇಲೆ ಕಾಟನ್ ಸೀರೆ, ಕೈಯಲ್ಲಿ ಪರ್ಸು, ತಲೆಯ ಮೇಲೆ ಕಪ್ಪು ಹೆಲ್ಮೆಟ್. ಟೋಕನ್ ಕೊಡುವ ಹುಡುಗಿ “ಆಂಟಿ, ಹೆಲ್ಮೆಟ್ ತೆಗೀಬಹುದು” ಅಂದಳು. “ನಂಗೆ ಫ್ಯಾನ್ ಗಾಳಿ ಆಗಲ್ಲಮ್ಮ” ಅಂತ ಒಳಗಿನಿಂದ ಉತ್ತರ ಬಂತು.

ಪಕ್ಕದ ಬೆಂಚಿನಲ್ಲಿ ಮಂಕಿ ಕ್ಯಾಪು, ಅದರ ಮೇಲೆ ಮಾಸ್ಕು ಹಾಕಿಕೊಂಡ ಒಬ್ಬ ಮನುಷ್ಯ ಸೊಂಟ ಹಿಡಿದುಕೊಂಡು ಕೂತಿದ್ದ. ಅವನು ಎದ್ದು, “ಎಂಟನೇ ಟೋಕನ್ ಆಯ್ತಾ ಮೇಡಂ?” ಅಂತ ಕೇಳಿದ. ಆಂಟಿಯ ಹೆಲ್ಮೆಟ್ ನಿಧಾನಕ್ಕೆ ಅವನತ್ತ ತಿರುಗಿತು. ಜೀವಮಾನವೆಲ್ಲ ಮುಖ ಕಾಣದ ದನಿಗಳನ್ನೇ ಕೇಳಿದ ಕಿವಿ ಅದು.

“ಪ್ರೈಸ್ ದ ಲಾರ್ಡ್” ಅಂತು ಹೆಲ್ಮೆಟ್ಟು.

“ಪ್ರೈಸ್ ದ ಲಾರ್ಡ್” ಅಂತು ಮಂಕಿ ಕ್ಯಾಪು, ಅಭ್ಯಾಸಬಲದಿಂದ. ಆಮೇಲೆ ಕಲ್ಲಾಗಿ ನಿಂತಿತು.

ತಿಮೊಥಿ ಪಾಸ್ಟರ್ ಒಳಗೆ ಹೋದರು, ಬಂದರು, ನೆಲ ನೋಡಿಕೊಂಡು ಹೊರಟುಹೋದರು. ನಾನು ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದೆ. ಡಾಕ್ಟರು ಎಕ್ಸ್‌ರೇ ನೋಡಿ ಆಪರೇಷನ್ ಆಗಲೇಬೇಕು ಅಂದರು.

ಮನೆಗೆ ಬಂದಾಗ ಗೇಟಿನ ಹತ್ತಿರ ಕಮಲಮ್ಮ ಕಾಯುತ್ತಿದ್ದಳು. ಯಾದಗಿರಿ ಕಡೆಯವಳು, ಹೆಗ್ಗನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ, ತಪ್ಪದೆ ಕೂಟಕ್ಕೆ ಬರುವವಳು. ಸಣ್ಣ ವಯಸ್ಸಿಗೇ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಸಕ್ಕರೆ ಕಾಯಿಲೆ. ಕೈಯಲ್ಲಿ ಸ್ವೀಟ್ ಡಬ್ಬಿ ಇತ್ತು. ತುಟಿ ಒಣಗಿತ್ತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ.

“ಇನ್ಸುಲಿನ್ ಬಿಟ್ಟು ನಾಕ್ ದಿನ ಆತ್ರಿ ಆಂಟಿ” ಅಂದಳು ಸಂತೋಷದಿಂದ. “ನಿಮ್ಮ ಮೊಣಕಾಲು ಆರಾಮ ಮಾಡಿದ ದೇವ್ರು ನನ್ನ ಶುಗರ್ ಮಾಡಂಗಿಲ್ಲೇನ್ರಿ?”

ನನ್ನ ನಗು ಅಲ್ಲೇ ಸತ್ತಿತು. ಮೇಲಿಂದ ಶುಗರ್ ಮೀಟರ್ ತಂದು ಬೆರಳು ಚುಚ್ಚಿ ನೋಡಿದೆ. ಮೀಟರು ಅಂಕಿಯನ್ನೇ ತೋರಿಸಲಿಲ್ಲ, ಅದರ ಅಳತೆಯನ್ನೂ ದಾಟಿಹೋಗಿತ್ತು. ಈಗಲೇ ಆಸ್ಪತ್ರೆಗೆ ನಡಿ, ಇಲ್ಲದಿದ್ದರೆ ಜೀವಕ್ಕೇ ಅಪಾಯ ಅಂದೆ. ಬರುವುದಿಲ್ಲ ಅಂದಳು. ಆಂಟಿ ಅವಳ ಕೈ ಹಿಡಿದುಕೊಂಡು, “ಕಮಲಾ, ನನ್ನ ಕಾಲು ವಾಸಿಯಾಗಿಲ್ಲಮ್ಮ, ಈಗ ಡಾಕ್ಟರ ಹತ್ರ ಹೋಗಿದ್ದೆ” ಅಂದರು. ಕಮಲಮ್ಮ ನಕ್ಕಳು. “ನನ್ನ ನಂಬಿಕಿ ಪರೀಕ್ಷೆ ಮಾಡಾಕತ್ತೀರಿ. ನೀವು ನಡದಿದ್ದು ನಾನೇ ಕಣ್ಣಾರ ನೋಡೀನಲ್ರಿ.”

ಅಷ್ಟರಲ್ಲಿ ಕೂಟದ ಜನ ಒಬ್ಬೊಬ್ಬರೇ ಬಂದರು. ಪಾಸ್ಟರೂ ಬಂದರು, ಮುಖ ಬಿಳಿಚಿಕೊಂಡಿತ್ತು. ಹಾಡಿಗೂ ಬಿಡದೆ ಆಂಟಿ ಎದ್ದು ನಿಂತರು. “ಸಾಕ್ಷಿ ಹೇಳ್ಬೇಕು. ನನ್ನ ಮೊಣಕಾಲು ವಾಸಿಯಾಗಿಲ್ಲ.”

“ಆಮೆನ್” ಅಂದರು ಎಲ್ಲರೂ.

“ವಾಸಿಯಾಗಿಲ್ಲ ಅಂದೆ. ನಾನು ಸುಳ್ಳು ಹೇಳಿದ್ದೆ.”

“ಹಲ್ಲೆಲೂಯಾ.” ಹಿಂದಿನ ಸಾಲಿನ ಹೆಂಗಸೊಬ್ಬರು ಆಂಟಿಯನ್ನು ಹಿಡಿದ ಸಂದೇಹದ ದೆವ್ವವನ್ನು ಗಟ್ಟಿಯಾಗಿ ಗದರತೊಡಗಿದರು. ಆಂಟಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ತೋರಿಸಿದರು. ಊದಿದ್ದು ಎಲ್ಲರಿಗೂ ಕಂಡಿತು. ಆದರೂ ಒಬ್ಬರು, “ಸಿಸ್ಟರ್, ಕಣ್ಣಿಗೆ ಕಾಣೋದನ್ನ ನಂಬಬೇಡಿ” ಅಂದರು. ಕಮಲಮ್ಮ ಗೋಡೆಗೊರಗಿ ದೊಡ್ಡ ದೊಡ್ಡ ಉಸಿರೆಳೆಯುತ್ತಿದ್ದಳು.

ಆಂಟಿ ಪಾಸ್ಟರ ಕಡೆ ತಿರುಗಿದರು. ಬೆದರಿಸಲಿಲ್ಲ, ಕ್ಲಿನಿಕ್ಕಿನ ಮಾತೆತ್ತಲಿಲ್ಲ. ಅದೇ ಇಸ್ತ್ರಿ ದನಿಯಲ್ಲಿ, “ಪಾಸ್ಟರ್, ನಿಮ್ಗೆ ಮೂರು ನಿಮಿಷ ಇದೆ” ಅಂದರು.

ಬಾಯಿಬಿಟ್ಟರೆ ಈ ಹಾಲಿಗೆ ಆ ಹುಡುಗ ಇನ್ನೆಂದೂ ಬರದ ಹಾಗಾಗಬಹುದಿತ್ತು. ಆದರೂ ಎದ್ದು ಕೋಟು ತೆಗೆದು, ಅಂಗಿ ಮೇಲಕ್ಕೆತ್ತಿದ. ಹೊಟ್ಟೆಯಿಂದ ಎದೆಯವರೆಗೆ ಅಗಲವಾದ ಸೊಂಟದ ಬೆಲ್ಟು. ಕೋಟು ಯಾಕೆ ದೊಡ್ಡದು ಅಂತ ಆಗ ಗೊತ್ತಾಯಿತು. “ನನಗೆ ಬೆನ್ನುನೋವು, ಎರಡು ವರ್ಷದಿಂದ” ಅಂದ. “ಪ್ರಾರ್ಥನೆ ಮಾಡ್ತೀನಿ. ಹೋಗಿಲ್ಲ. ಮಾತ್ರೆ ತಗೋತಾ ಇದೀನಿ.”

ಯಾರೂ ಆಮೆನ್ ಅನ್ನಲಿಲ್ಲ. ಆಮೇಲೆ ದೆವ್ವ ಬಿಡಿಸುತ್ತಿದ್ದ ಹೆಂಗಸು ಮೆಲ್ಲಗೆ ಪರ್ಸ್ ತೆರೆದು ಬಿಪಿ ಮಾತ್ರೆ ತೆಗೆದಿಟ್ಟರು. ಕಣ್ಣಿಗೆ ಕಾಣೋದನ್ನ ನಂಬಬೇಡಿ ಅಂದವರ ಜೇಬಿನಿಂದ ಇನ್‌ಹೇಲರ್ ಬಂತು. ಥೈರಾಯ್ಡಿನದು, ಪಿತ್ತದ್ದು, ನಿದ್ದೆಯದ್ದು. ನೋಡನೋಡುತ್ತಾ ಟೀಪಾಯಿಯ ಮೇಲೆ ಒಂದು ಮೆಡಿಕಲ್ ಸ್ಟೋರೇ ಎದ್ದಿತು.

ಕಮಲಮ್ಮ ಅದನ್ನೇ ನೋಡುತ್ತಿದ್ದಳು. “ಹಂಗಾರ ದೇವ್ರು ಏನ್ ಮಾಡ್ತಾನ್ರಿ ಆಂಟಿ?” ಅಂತ ಕೇಳಿದಳು.

“ಗೊತ್ತಿಲ್ಲ ಕಮಲಾ. ನಿಜವಾಗ್ಲೂ ಗೊತ್ತಿಲ್ಲ. ನೀನು ಮೊದ್ಲು ಶೈಲಾ ಜೊತೆ ಹೊರಡು.” ಹೆಲ್ಮೆಟ್ಟನ್ನು ತಾವೇ ಅವಳ ತಲೆಗೆ ತೊಡಿಸಿ, ಅವಳನ್ನು ಹಿಡಿದುಕೊಳ್ಳಲು ಹಿಂದೆ ಇನ್ನೊಬ್ಬ ಹೆಂಗಸನ್ನು ಹತ್ತಿಸಿ, ನನಗೆ ಹೇಳಿದರು: “ನೀನು ಗಾಡಿ ಓಡ್ಸು. ನಾನು ಲೈಟ್ನಿಂಗ್ ಬುಕ್ ಮಾಡ್ತೀನಿ.” ಅಷ್ಟು ವರ್ಷದಲ್ಲಿ ಅವರು ಲೈಟ್ನಿಂಗ್ ಅಂದಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕಮಲಮ್ಮ ಐದು ದಿನ ಐಸಿಯುನಲ್ಲಿದ್ದು ಉಳಿದಳು. ಪಾಸ್ಟರನ್ನು ಯಾರೂ ಓಡಿಸಲಿಲ್ಲ. ಓಡಿಸೋಕೆ ಯಾರಿಗೂ ಮುಖ ಇರಲಿಲ್ಲ ಅನ್ನಿ. ಆಂಟಿ ಆಪರೇಷನ್ ಮಾಡಿಸಿಕೊಂಡು, ಟಿವಿ ಸ್ಟ್ಯಾಂಡಿನವರೆಗೆ ನಿಜವಾಗಿ ನಡೆದು, “ಈಗ ಯಾರೂ ವಿಡಿಯೋ ತೆಗೆಯಲ್ಲ ನೋಡು” ಅಂತ ನಕ್ಕರು.

ಎರಡು ವರ್ಷ ಆ ಕಾಲಿನಲ್ಲಿ ಓಡಾಡಿದರು. ಈ ಮಾರ್ಚಿನಲ್ಲಿ ಒಂದು ಬೆಳಗ್ಗೆ, ಕಾಫಿ ಲೋಟ ಕೈಯಲ್ಲಿದ್ದಾಗಲೇ ಬೆತ್ತದ ಕುರ್ಚಿಯಲ್ಲಿ ಹೃದಯ ನಿಂತಿತು. ನಾನು ಮೇಲೆಯೇ ಇದ್ದೆ. ಕೆಳಗೆ ಬಂದು ನೋಡಿದಾಗ ಲೋಟದಲ್ಲಿ ಕಾಫಿ ಇನ್ನೂ ಬೆಚ್ಚಗಿತ್ತು.

ಸ್ಮಶಾನದಲ್ಲಿ ತಿಮೊಥಿ ಪಾಸ್ಟರ್ ಪ್ರಾರ್ಥನೆ ಶುರುಮಾಡಿದರು. “ಕರ್ತನೇ, ಇವರ ಮೊಣಕಾಲನ್ನು ನೀನು ಮುಟ್ಟಲಿಲ್ಲ, ಡಾಕ್ಟರು ಮುಟ್ಟಿದರು, ಅದಕ್ಕೂ ಸ್ತೋತ್ರ” ಅಂದಾಗ ಜನ ಅಳುತ್ತಲೇ ನಕ್ಕರು. ಅವರು ಮುಂದುವರಿಸಿದರು. ನನ್ನ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು. ಮೂರು ನಿಮಿಷ ದಾಟಿತು. ಸುತ್ತಲೂ ಒಬ್ಬೊಬ್ಬರೇ ಕಣ್ಣು ಬಿಟ್ಟು ಅತ್ತಿತ್ತ ನೋಡತೊಡಗಿದರು. ಪಾಸ್ಟರೂ ತಡವರಿಸುತ್ತಿದ್ದರು, ಯಾರಾದರೂ ನಿಲ್ಲಿಸಲಿ ಅಂತ ಕಾಯುವವರ ಹಾಗೆ. ನನಗೆ ತಡೆಯಲಾಗಲಿಲ್ಲ.

“ಪಾಸ್ಟರ್, ಮೂರು ನಿಮಿಷ ಆಯ್ತು” ಅಂದೆ.

ಅವರು ಕಣ್ಣು ತೆರೆಯಲಿಲ್ಲ. “ಎಕ್ಸ್‌ಟೆಂಡ್ ಮಾಡಿ ಅಕ್ಕ” ಅಂದರು.

ಮಾಡಿದೆ. ಆದರೆ ಅವರಿಗೆ ಮುಂದೆ ಒಂದು ಮಾತೂ ಹೊರಡಲಿಲ್ಲ. ಮೂರು ನಿಮಿಷ ಎಲ್ಲರೂ ಸುಮ್ಮನೆ ನಿಂತಿದ್ದೆವು. ನಾನು ಗಡಿಯಾರ ನೋಡುತ್ತಾ ಅಳುತ್ತಿದ್ದೆ. ಪಕ್ಕದಲ್ಲಿ ಕಮಲಮ್ಮ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಬ್ಯಾಗಿನಲ್ಲಿದ್ದ ಇನ್ಸುಲಿನ್ನಿನ ಡಬ್ಬಿ ನನ್ನ ಮೊಣಕೈಗೆ ಒತ್ತುತ್ತಿತ್ತು.