ಉಡಿಯೊಳಗಿನ ದೀಪ

ಎಲ್ಲ ಓದುಗರಿಗೂ ನಮಸ್ಕಾರ. ನಾನು ಬರೆಯಲು ಕಲಿತದ್ದು ಮದುವೆಯಾದ ಮೇಲೆ. ಈಗಲೂ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಒತ್ತುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗಿರಣಿ ಮಾವಶಿಯ ಕಣ್ರೆಪ್ಪೆಗಳೂ ಬೆಳ್ಳಗಿರುತ್ತಿದ್ದವು. ವಯಸ್ಸಿನಿಂದಲ್ಲ, ಜೋಳದ ಹಿಟ್ಟಿನಿಂದ. ಮಿರಜ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಹಿಟ್ಟಿನ ಗಿರಣಿ. ಗಂಡ ತೀರಿದ ಮೇಲೆ ಬೆಲ್ಟು ಏರಿಸುವುದು, ಸವೆದ ಕಲ್ಲನ್ನು ಉಳಿಯಿಂದ ಕಟೆಯುವುದು ಎಲ್ಲ ಅವರದೇ ಕೆಲಸ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ, ಗುಟ್ಟಿನ ಮಾತನ್ನೂ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಅಂಗಡಿಗಳಿಗೆ ಪ್ಯಾಕೆಟ್ ಹಿಟ್ಟು ಬಂದು ಗಿರಾಕಿ ಕಡಿಮೆಯಾದಾಗಲೂ ಅವರು ಸೋಲಲಿಲ್ಲ. "ಆ ಪ್ಯಾಕೀಟ ತಣ್ಣಗ ಇರತೈತಿ. ನನ್ನ ಹಿಟ್ಟ ಮುಟ್ಟಿ ನೋಡು, ಜ್ವರಾ ಬಂದಂಗ ಐತಿ!" ಎನ್ನುತ್ತಿದ್ದರು.

ನಾನು ಕುಪವಾಡದ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಪ್ರತಿ ವಾರದ ರಜೆಗೆ ಜೋಳದ ಡಬ್ಬಿ ಹೊತ್ತು ಅವರಲ್ಲಿಗೆ ಹೋಗುತ್ತಿದ್ದೆ. ಮಾವಶಿ ಎಂದರೆ ಚಿಕ್ಕಮ್ಮ; ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಬೇರೆ ಸಂಬಂಧವೇನೂ ಇರಲಿಲ್ಲ.

ಆ ವರ್ಷ ಕೃಷ್ಣೆ ಸಾಂಗಲಿಯ ಓಣಿಗಳಿಗೆ ನುಗ್ಗಿತು. ಹೊಳೆದಂಡೆಯ ಜನರನ್ನು ನಮ್ಮ ಕಡೆಯ ಒಂದು ಶಾಲೆಗೆ ತಂದಿಳಿಸಿದರು. ಕರೆಂಟ್ ಇರಲಿಲ್ಲ. ಹೆಂಗಸರ ಕಕ್ಕಸು ಮೈದಾನದ ಆಚೆ, ಗೋಡೆಯ ಹಿಂದೆ. ಕತ್ತಲಲ್ಲಿ ಅಲ್ಲಿಗೆ ಹೋಗಬೇಕಾಗುತ್ತದೆಂದು ಹೆಂಗಸರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಇದನ್ನು ತಿಳಿದ ಯಾರೋ ಪುಣ್ಯವಂತರು ಮನೆಗೊಂದರಂತೆ ಸೋಲಾರ್ ದೀಪ ಕಳಿಸಿದರು. ದಿನವಿಡೀ ಬಿಸಿಲಿಗಿಟ್ಟರೆ ಸಂಜೆ ಉರಿಯುವಂಥವು.

ನಾನೂ ಅಲ್ಲಿ ನೆರವಿಗೆ ಹೋಗಿದ್ದೆ. ದೀಪ ಹಂಚುವ ಪಟ್ಟಿ ಬರೆದವನು ನಾನೇ. ಹೊಸದಾಗಿ ಕಲಿತ ಅಕ್ಷರದ ಹುರುಪು ಬೇರೆ. ರೇಶನ್ ಕಾರ್ಡಿನಲ್ಲಿ ಮೇಲಿದ್ದ ಹೆಸರನ್ನೇ ಬರೆದು, ಅವರ ಕೈಗೇ ದೀಪ ಕೊಟ್ಟೆ. ಎಲ್ಲರೂ ಗಂಡಸರು.

ಮೂರನೆಯ ದಿನ ಸಂಜೆ ಒಬ್ಬ ಬಾಣಂತಿ ಕತ್ತಲಲ್ಲಿ ಒಬ್ಬಳೇ ಹೋದಳು. ಗೋಡೆಯ ಹಿಂದೆ ಯಾರೋ ಕೈ ಹಿಡಿದೆಳೆದರು. ಬಿಡಿಸಿಕೊಂಡು ಓಡಿ ಬಂದಾಗ ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ. ಎಳೆದವನು ಸಿಗಲಿಲ್ಲ. ಅಂದಿನಿಂದ ಆಕೆ ಅನ್ನ ನೀರು ಮುಟ್ಟಲಿಲ್ಲ. ಹಾಲಿಲ್ಲದೆ ಕೂಸು ಒಂದೇ ಸಮನೆ ಅಳತೊಡಗಿತು.

ಭಕ್ರಿ, ಅಂದರೆ ಜೋಳದ ರೊಟ್ಟಿ, ಹಂಚಲು ಬಂದ ಮಾವಶಿ ಆಕೆಯ ಪಕ್ಕ ಕುಳಿತರು. "ನಿಮ್ಮ ದೀಪ ಎಲ್ಲೈತವ್ವ?"

"ಅವರ ಕಡೆ ಐತ್ರಿ. ಇಸ್ಪೀಟ ನಡದೈತಿ."

ಮಾವಶಿ ನನ್ನ ಕಡೆ ತಿರುಗಿದರು. "ಯಾರ ಹೆಸರಲೆ ಕೊಟ್ಟಿ?"

"ಕಾರ್ಡಿನ್ಯಾಗ ಇದ್ದಂಗ ಕೊಟ್ಟೇನ್ರಿ, ಮಾವಶಿ."

"ಕತ್ತಲಾಗ ಹೊರಕಡೆ ಕಾರ್ಡ ಹೋಗತೈತೇನೋ?"

ಇಡೀ ಶಾಲೆಗೆ ಕೇಳಿಸಿತು. ನಾನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

ಮರುದಿನ ಬೆಳಿಗ್ಗೆ ಮಾವಶಿ, "ಬಿಸಲಿಗಿ ಇಡತೇನಿ, ಕೊಡ್ರಿ" ಎಂದು ಗಂಡಸರಿಂದ ದೀಪಗಳನ್ನೆಲ್ಲ ಇಸಿದುಕೊಂಡರು. ಹೊತ್ತು ಇಳಿಯುವ ಮೊದಲು ಮನೆಗೊಬ್ಬರಂತೆ ಹೆಂಗಸರನ್ನಷ್ಟೇ ಕರೆದು ಸಾಲಾಗಿ ನಿಲ್ಲಿಸಿದರು. ಪಕ್ಕದಲ್ಲಿ ಅಕ್ಕಿ, ಅಡಿಕೆ, ಕುಬಸದ ಖಣ. ಉಡಿ ತುಂಬುವ ಸಿದ್ಧತೆ! ನಮ್ಮಲ್ಲಿ ಹೆಣ್ಣುಮಗಳ ಸೆರಗಿಗೆ ಹಾಗೆ ಬಿದ್ದದ್ದು ಅವಳದೇ, ತವರಿನದು. ಅದಕ್ಕೆ ಗಂಡನೂ ಕೈ ಹಾಕುವುದಿಲ್ಲ. ಅಕ್ಕಿಯ ಜೊತೆ ದೀಪವನ್ನೂ ಉಡಿಗೆ ಹಾಕುವುದು ಮಾವಶಿಯ ಯೋಚನೆ.

ಸಾಲಿನಲ್ಲಿದ್ದ ಒಬ್ಬ ಮುದುಕಿ ತಡೆದಳು. "ಅಗ, ನೀ ಗಂಡ ಸತ್ತಾಕಿ. ನೀ ಹ್ಯಾಂಗ ಉಡಿ ತುಂಬತಿ?"

ಮಾವಶಿ ಬೊಗಸೆಗೆ ಇನ್ನಷ್ಟು ಅಕ್ಕಿ ತುಂಬಿಕೊಂಡರು. "ಗಂಡ ಹೋಗ್ಯಾನ, ನನ್ನ ಕೈ ಹೋಗಿಲ್ಲ. ಯಾರಿಗೆ ಬ್ಯಾಡೋ ಅವರು ಸೆರಗ ಬಿಗಿ ಕಟಗೋರಿ."

ಮೊದಲು ಬಂದವಳು ಆ ಬಾಣಂತಿ. ಮಣಿಕಟ್ಟಿಗೆ ಚಿಂದಿ ಸುತ್ತಿಕೊಂಡಿದ್ದಳು. ಸೆರಗೊಡ್ಡಿ, "ತುಂಬ್ರಿ, ಮಾವಶಿ" ಎಂದಳು. ಆಮೇಲೆ ಸಾಲು ನಿಲ್ಲಲಿಲ್ಲ. ಕೊನೆಗೆ ಆ ಮುದುಕಿಯೂ, "ನನಗೂ ಕಣ್ಣ ಕಾಣಂಗಿಲ್ಲ, ಹಾಕವಾ" ಎಂದು ಗೊಣಗುತ್ತ ಬಂದಳು.

ಕತ್ತಲಾಗುತ್ತಲೇ ಬಾಣಂತಿಯ ಗಂಡ ಬಂದ. "ದೀಪ ತಾ ಇಲ್ಲಿ."

"ಉಡ್ಯಾಗಿಂದೈತಿ."

ಚಾಚಿದ ಕೈ ಅಲ್ಲೇ ನಿಂತಿತು. ಜೊತೆಗಾರರು ನಕ್ಕರು. "ಬೀಗರ ಆಸ್ತಿ ಐತೋ ಮಾರಾಯಾ, ಮುಟ್ಟಬ್ಯಾಡ!"

ಆಕೆ ಒಂದು ಚೆಂಬು ನೀರನ್ನು ನಿಂತಲ್ಲೇ ಕುಡಿದಳು. ಭಕ್ರಿ ತಿಂದಳು. ಆಮೇಲೆ ಇನ್ನಿಬ್ಬರನ್ನು ಕರೆದುಕೊಂಡು, ದೀಪ ಹಿಡಿದು ಮೈದಾನ ದಾಟಿದಳು. ಎರಡು ದಿನದಲ್ಲಿ ಕೂಸಿನ ಅಳು ನಿಂತಿತು.

ಮಾವಶಿ ಕೆಲವು ವರ್ಷಗಳ ನಂತರ ತೀರಿಕೊಂಡರು. ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮತ್ತೊಮ್ಮೆ ಹೊಳೆ ಬಂದಾಗ ಪಟ್ಟಿ ಬರೆಯುವ ಕೆಲಸ ನನಗೇ ಬಂತು. ಈ ಸಲ ಕಾರ್ಡು ಕೇಳಲಿಲ್ಲ. ಒಬ್ಬ ಅಜ್ಜಿಗೆ, "ನಿಮ್ಮ ಹೆಸರ ಏನ್ರಿ?" ಎಂದೆ. ಆಕೆ ಗಂಡನ ಹೆಸರನ್ನು ಮಗನ ಕಡೆಯಿಂದ ಹೇಳಿಸಿದಳು. "ಅವರದಲ್ಲರಿ, ನಿಮ್ಮದು" ಎಂದೆ. ಅಜ್ಜಿ ನಕ್ಕಳು. "ನಂದಾ? ಯಾರೂ ಕೇಳೇ ಇಲ್ಲಲೋ ತಮ್ಮಾ, ತಡಿ." ಪೆನ್ನು ಹಿಡಿದು ಕಾಯುತ್ತ ನಿಂತೆ. ಆಕೆ ಹೇಳಿದ ಮೇಲೆಯೇ ಬರೆದೆ.

ನಿಮ್ಮ ಊರಿನಲ್ಲೂ ಇಂಥ ಹೆಣ್ಣುಮಗಳು ಯಾರಾದರೂ ಇದ್ದರೆ ನಾಲ್ಕು ಸಾಲು ಬರೆಯಿರಿ. ನಾನು ಓದುವುದು ನಿಧಾನ, ಆದರೆ ಪೂರ್ತಿ ಓದುತ್ತೇನೆ.