ಸೋಮವಾರದ ಜ್ವರ

ಪವಿತ್ರಾ, ಕಾರ್ತಿಕ್, ಹೋದ ವಾರ ಹಳೆಯ ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹಾಕುತ್ತಿದ್ದೆ. ಮುಗ್ಗಿದ ಹತ್ತಿಯ ಧೂಳು ಮೂಗಿಗೆ ಅಡರಿತು. ಆ ವಾಸನೆಯ ಜೊತೆಗೇ ನರ್ಸಮ್ಮ ನೆನಪಾದರು...

ನಾನು ತಾಳವಾಡಿ ಕಡೆಯ ಹಳ್ಳಿಯಿಂದ ತಿರುಪ್ಪೂರಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ, ನಿಮ್ಮ ತಾತ ನೂಲಿನ ಮಿಲ್ಲಿನಲ್ಲಿ ಹತ್ತಿಯ ಮೂಟೆ ಬಿಚ್ಚಿ ಯಂತ್ರಕ್ಕೆ ಹಾಕುತ್ತಿದ್ದರು. ಭಾನುವಾರ ರಜೆ. ಅಂದು ನಾನು ಅವರ ತಲೆಗೆ ಎಣ್ಣೆ ಹಚ್ಚಿ, ಸೀಗೆಕಾಯಿ ತಿಕ್ಕಿ ನೀರು ಹಾಕುವುದು ವಾಡಿಕೆ. ಸೋಮವಾರ ಸಂಜೆ ಕೆಲಸದಿಂದ ಬಂದವರಿಗೆ ನಡುಕ, ಜ್ವರ, ಎದೆ ಬಿಗಿತ. ಮಂಗಳವಾರ ಇಳಿಯುತ್ತಿತ್ತು. ಮುಂದಿನ ಸೋಮವಾರ ಮತ್ತೆ ಅದೇ.

ಅತ್ತೆ ನನ್ನ ಕೈಯನ್ನೇ ದೂರಿದರು. “ಇವಳ ಕೈ ಎಣ್ಣೆ ಅವನಿಗೆ ಒಗ್ಗಲ್ಲ. ಆಡಿ ತಿಂಗಳಿಗೆ ತವರಿಗೆ ಹೋಗ್ಲಿ, ಆಮೇಲೆ ನೋಡಾಣ.” ಆಡಿ ಎಂದರೆ ಆಷಾಢ, ಹೊಸ ಸೊಸೆಯರು ಆಗ ತವರಿಗೆ ಹೋಗುವುದು ಪದ್ಧತಿಯೇ. ಆದರೆ ತಿರುಗಿ ಕರೆಸುವ ಮಾತು ಅತ್ತೆಯ ಬಾಯಲ್ಲಿರಲಿಲ್ಲ. ದೋಷ ನನ್ನ ಕೈಯದೇ ಎಂದು ನಾನೂ ನಂಬಿದ್ದೆ.

ಒಂದು ಸೋಮವಾರ ಜ್ವರ ತೀರಾ ಏರಿತು. ಮಿಲ್ಲಿನ ಡಿಸ್ಪೆನ್ಸರಿಯ ನರ್ಸಮ್ಮ ನಮ್ಮ ಬೀದಿಯವರೇ, ಮನೆಯಲ್ಲಿ ಕನ್ನಡ ಆಡುವವರು. ಕರೆದೊಡನೆ ಬಂದರು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ, ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ತಿರುಗಿದರು.

“ನೀನು ಹೇಳಮ್ಮ. ಎಣ್ಣೆ ಹಾಕಿಯೂ ಜ್ವರ, ಈ ಕಾಯ್ಚಲ್, ಬರದ ದಿನ ಉಂಟಾ?”

“ಅವಳ್ನ ಏನ್ ಕೇಳ್ತೀರಿ? ಬಾಯಲ್ಲಿ ಕಡುಬು ಇಟ್ಕೊಂಡವ್ಳು,” ಎಂದರು ಅತ್ತೆ.

“ನುಂಗಿ ಹೇಳ್ತಾಳೆ, ಇರಿ ಅಕ್ಕಾ.”

ನನಗೆ ನೆನಪಿತ್ತು, ಬಾಗಿಲ ಮರೆಯಿಂದ ಒಂದು ಹೆಜ್ಜೆ ಈಚೆ ಬಂದೆ. ಅವರು ಕಾದರು.

“ಪೊಂಗಲ್‌ಗೆ,” ಎಂದೆ. “ಭಾನುವಾರ ಎಣ್ಣೆ ಹಾಕಿದ್ದೆ. ಮಿಲ್ಲು ಲೀವು. ಸೋಮವಾರ ಏನೂ ಬರಲಿಲ್ಲ. ಗುರುವಾರ ಮಿಲ್ಲು ತೆಗೆದ್ರು, ಅವತ್ತು ಸಂಜೆ ಬಂತು.”

“ಕೇಳಿದ್ರಾ ಅಕ್ಕಾ? ಎಣ್ಣೆ ಅಲ್ಲ, ಪಂಜಿನ ಧೂಳು.”

ಪಂಜು ಎಂದರೆ ಇಲ್ಲಿ ಹತ್ತಿ. ಅದರ ಧೂಳಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವಂತೆ. ಸತ್ತ ಮೇಲೂ ಅವುಗಳ ಸಿಪ್ಪೆಯಲ್ಲಿ ವಿಷ ಉಳಿದಿರುತ್ತದೆ. ಉಸಿರಿನಲ್ಲಿ ಅದು ಒಳಗೆ ಹೋದರೆ, ಹಗೆ ಹೊಕ್ಕಿತೆಂದು ಮೈ ಮಿದುಳಿಗೆ ಸುದ್ದಿ ಕೊಡುತ್ತದೆ. ಮಿದುಳು ಕಾವು ಏರಿಸೆನ್ನುತ್ತದೆ. ಅದಕ್ಕೇ ಮೊದಲು ಚಳಿ, ಆಮೇಲೆ ಜ್ವರ. ದಿನವೂ ಧೂಳಿನಲ್ಲಿದ್ದರೆ ಮೈ ಒಗ್ಗಿಕೊಳ್ಳುತ್ತದೆ. ರಜೆ ಬಂದರೆ ಆ ಒಗ್ಗಿಕೆ ಬಿಟ್ಟುಹೋಗುತ್ತದೆ. “ಇಳೀತದೆ ಅಂತ ಸುಮ್ನಿದ್ರೆ ಎದೆಯೇ ಹೋಗ್ತದೆ,” ಎಂದರು ನರ್ಸಮ್ಮ.

ಮರುದಿನ ಅವರೇ ಮಿಲ್ಲಿನವರೊಡನೆ ಮಾತಾಡಿ, ತಾತನನ್ನು ನೂಲು ಕಟ್ಟಿಡುವ ಕೆಲಸಕ್ಕೆ ಬದಲಾಯಿಸಿದರು. ಮುಂದಿನ ಸೋಮವಾರ ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅದರ ಮುಂದಿನ ಸೋಮವಾರವೂ... ಅದಾದ ಮೇಲಿನ ಭಾನುವಾರ ಅತ್ತೆಯೇ ಎಣ್ಣೆಯ ಬಟ್ಟಲು ನನ್ನ ಕೈಗಿಟ್ಟು, “ಚೆನ್ನಾಗಿ ತಿಕ್ಕು. ಅವನ ತಲೆ ಒಳಗೂ ಪಂಜೇ ಇರೋದು,” ಎಂದರು. ಆಡಿಗೆ ತವರಿಗೆ ಹೋದೆ. ತಿಂಗಳು ತುಂಬುವ ಮೊದಲೇ ತಾತ ಕರೆಯಲು ಬಂದರು.

ನರ್ಸಮ್ಮ ಕೆಲಸ ಮುಗಿದ ಮೇಲೆ ಸಿರುಮುಗೈಗೆ, ಮಗಳ ಮನೆಗೆ ಹೋದರು. ಅದಕ್ಕೆ ಮುಂಚೆ ಬೀದಿಯಲ್ಲಿ ಎದುರಾದಾಗಲೆಲ್ಲ ನಾನು ತಲೆ ತಗ್ಗಿಸಿ ನಕ್ಕೆನೇ ಹೊರತು ಒಂದು ಮಾತು ಹೇಳಲಿಲ್ಲ. ಅವರು ತೀರಿಕೊಂಡದ್ದು ಬಹಳ ತಡವಾಗಿ ತಿಳಿಯಿತು. ನಿಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತು ಆಡಿಸುವಷ್ಟು ಉಸಿರು ತಾತನ ಎದೆಯಲ್ಲಿ ಉಳಿದದ್ದು ಅವರಿಂದ. ಈಗ ತಾತನೂ ಇಲ್ಲ.

ತಮಿಳಿನಲ್ಲಿ ಓದಿದ ನಿಮಗೆ ಈ ಕನ್ನಡ ಅಕ್ಷರ ಓದಲು ಬರುವುದಿಲ್ಲ, ಬಾಯಿಬಿಟ್ಟು ಹೇಳಲು ನನಗೆ ಇವತ್ತಿಗೂ ಸಂಕೋಚ. ಓದಿ ಹೇಳುವವರು ಯಾರಾದರೂ ಸಿಗುವ ತನಕ ಈ ಹಾಳೆಗಳನ್ನು ಕಳೆಯದೆ ಇಟ್ಟುಕೊಳ್ಳಿ, ನನ್ನ ಕಣ್ಣುಗಳಾ.