ಎಡಗಡೆಯ ಕಂಬ

ಹಿರಿಯೂರಿನಲ್ಲಿ ಬೆಳಗಿನ ಏಳರ ಬಸ್ಸು ಹತ್ತಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಸ್ಕ್ಯಾನಿನ ದೊಡ್ಡ ಲಕೋಟೆ ಮತ್ತು ನನ್ನ ಸೀಟಿ ಇದ್ದವು. ಜೊತೆಗೆ ಬರುತ್ತೇನೆಂದು ಹೊರಟಿದ್ದ ನಮ್ಮ ಮನೆಯವರನ್ನು ನಾನೇ ತಡೆದೆ. ಎರಡೇ ಕೆಲಸ, ಅದಕ್ಕೆ ಒಬ್ಬರು ಸಾಕು. ಮೊದಲನೆಯದು, ಚಿತ್ರದುರ್ಗದಲ್ಲಿ ನರರೋಗದ ಡಾಕ್ಟರನ್ನು ಕಾಣುವುದು. ಎರಡನೆಯದು, ಮರುದಿನ ಹೊಸದುರ್ಗದಲ್ಲಿ ಹೆಣ್ಣುಮಕ್ಕಳ ಖೋಖೋ ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲುವುದು. ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿ ನಿವೃತ್ತಳಾದ ಮೇಲೂ ಆ ಪಂದ್ಯಕ್ಕೆ ಪ್ರತಿ ವರ್ಷ ನನ್ನನ್ನು ಕರೆಯುತ್ತಾರೆ. ಈ ಸಲ ನಿಲ್ಲಬಹುದೋ ಇಲ್ಲವೋ ಎಂಬುದು ಡಾಕ್ಟರ ಮಾತಿನಿಂದ ತಿಳಿಯುತ್ತದೆ ಎಂದುಕೊಂಡಿದ್ದೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಹಣವಿಲ್ಲ. ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಚೀಟಿ ಪಡೆದು ಬಲಗಡೆಯ ಕಿಟಕಿಯ ಪಕ್ಕ ಕುಳಿತೆ. ದಸರಾ ಕಳೆದ ಮೇಲೆ ನಾನು ಕೂರುವುದು ಬಲಗಡೆಯೇ. ಆಗಿನಿಂದ ನನಗೆ ಎಡಭಾಗ ಕಾಣುವುದಿಲ್ಲ. ಎಡಗಣ್ಣು ಮಾತ್ರ ಹೋಗಿದೆ ಎಂದು ಜನ ತಿಳಿಯುತ್ತಾರೆ, ಹಾಗಲ್ಲ. ಎರಡು ಕಣ್ಣಿಗೂ ಎಡದ ಅರ್ಧ ಇಲ್ಲ. ಅಲ್ಲಿ ಕತ್ತಲೆ ಇದ್ದರೆ ಏನೋ ಹೋಗಿದೆ ಎಂದಾದರೂ ತಿಳಿಯುತ್ತಿತ್ತು. ಕತ್ತಲೆಯೂ ಇಲ್ಲ. ಲೋಕ ಇಷ್ಟೇ ಎನ್ನುವ ಹಾಗೆ ನೋಟ ಮುಗಿದುಬಿಡುತ್ತದೆ. ದುರ್ಗ ಸಮೀಪಿಸಿದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಒಂದರ ಕಂಬವನ್ನೇ ದಿಟ್ಟಿಸಿದೆ. ಅದರ ರೆಕ್ಕೆ ಬಲಕ್ಕೆ ಬಂದಾಗ ಕಾಣುತ್ತಿತ್ತು, ಎಡಕ್ಕೆ ಹೋದಾಗ ಇಲ್ಲವಾಗುತ್ತಿತ್ತು. ಮುರಿದ ಯಂತ್ರವೊಂದು ಅದು ಹೇಗೋ ತಿರುಗುತ್ತಿದೆ ಎಂದು ಬೇರೆಯವರಾದರೆ ಭಾವಿಸಿಯಾರು.

ಡಾಕ್ಟರು ಚಿಕ್ಕ ವಯಸ್ಸಿನವರು. ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ಡಾಕ್ಟರು ಚುಕ್ಕಿ ಬೆಳಕು ತೋರಿಸಿ ಪರೀಕ್ಷೆ ಮಾಡಿ, ಕಣ್ಣು ಚೆನ್ನಾಗಿದೆ, ತೊಂದರೆ ಮೆದುಳಿನದು ಎಂದು ಬರೆದಿದ್ದರು. ಇವರು ಮೆದುಳಿನ ಹಿಂಭಾಗದ ಮೇಲೆ ಬೆರಳಿಟ್ಟು, ತೊಂದರೆ ಇಲ್ಲಿಯದೇ ಇರಬೇಕು, ಆದರೆ ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ ಎಂದರು. ಪಾರ್ಶ್ವವಾಯು ಆಗಿಹೋಗಿರಬಹುದೇ ಎಂದೆ. ಗುರುತಿಲ್ಲ ಎಂದರು. ಹೆಚ್ಚಾಗುತ್ತದೆಯೇ ಎಂದು ಕೇಳಿದೆ. ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡೋಣ ಎಂದರು.

ಕಾಯಿಲೆಯ ಹೆಸರನ್ನಾದರೂ ಹೇಳಿ ಎಂದು ಪಟ್ಟು ಹಿಡಿದೆ. ನೆಂಟರು ಫೋನ್ ಮಾಡಿದರೆ ಕೇಳುವುದು ಅದನ್ನೇ. ಬಿಪಿ ಎಂದರೆ ಒಪ್ಪುತ್ತಾರೆ. ಗೊತ್ತಿಲ್ಲ ಎಂದರೆ ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

"ಒಂದು ಹೆಸರು ಬರೆದುಕೊಡೋದು ಕಷ್ಟ ಅಲ್ಲ ಮೇಡಂ. ತಪ್ಪು ಹೆಸರು ಬರೆದರೆ ನೀವು ತಪ್ಪು ಮಾತ್ರೆ ನುಂಗ್ತೀರಿ," ಎಂದರು.

ಅಂಪೈರ್ ಆಗಬಹುದೇ ಎಂಬ ಪ್ರಶ್ನೆಗೆ ಅವರು ನಕ್ಕರು. ಗಾಡಿ ಓಡಿಸಬೇಡಿ, ರಸ್ತೆ ದಾಟುವಾಗ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಸಾಕು ಅನಿಸಿದ ಮೇಲೂ ಇನ್ನಷ್ಟು ತಿರುಗಿಸಿ ಎಂದರು. ಖೋಖೋ ವಿಷಯ ತಮಗೆ ತಿಳಿಯದು ಎಂದರು. ನಾಲ್ಕು ನೂರು ರೂಪಾಯಿ ಕೊಟ್ಟು ಹೊರಬಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದ್ದರು.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಹೇಳಿದೆ. ಬರೀ ಮಂಡಕ್ಕಿ ತಂದಿಟ್ಟ ಹಾಗೆ ಕಂಡಿತು. ಮೆಣಸಿನಕಾಯಿ ಎಲ್ಲಪ್ಪ ಎಂದು ಸ್ವಲ್ಪ ಗದರಿಯೇ ಕೇಳಿದೆ. ತಂದುಕೊಟ್ಟವನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದ. ಎರಡು ಮೆಣಸಿನಕಾಯಿ ಬಜ್ಜಿ ಬಿಸಿಬಿಸಿಯಾಗಿ ಅಲ್ಲೇ ಕೂತಿದ್ದವು. "ಓಡಿ ಹೋಗಿರಲಿಲ್ಲ ಬಿಡಜ್ಜಿ," ಎಂದ. ನನಗೂ ನಗು ಬಂತು.

ಮಧ್ಯಾಹ್ನದ ಬಿಸಿಲಿನಲ್ಲಿ ಹೊಳಲ್ಕೆರೆ ಸೇರಿದೆ. ಒಂದು ಗಂಟೆಯ ದಾರಿ. ರಾತ್ರಿ ಉಳಿಯಲು ಮಂಜುಳಾ ಮನೆಗೆ ಬರುತ್ತೇನೆಂದು ಮೊದಲೇ ತಿಳಿಸಿದ್ದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅವಳೂ ಪಿಟಿ ಟೀಚರ್, ಇಬ್ಬರು ಮಕ್ಕಳ ತಾಯಿ. ನನ್ನ ಕಣ್ಣಿನ ವಿಷಯ ಅವಳಿಗೆ ಹೇಳಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಪಂದ್ಯದ ಮಾತನ್ನೇ ಆಡುತ್ತಿದ್ದೆ. ಕಾಫಿ ತರುತ್ತೇನೆಂದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲವಲ್ಲ ಎಂದುಕೊಂಡೆ.

"ಟೀಚರ್, ಲೋಟ ಸುಡ್ತೈತೆ. ಹಿಡ್ಕಳ್ರಿ," ಎಂಬ ಧ್ವನಿ ಎಡಗಡೆಯಿಂದ ಬಂತು.

ಅವಳು ಬಂದು ನಿಂತು ಬಹಳ ಹೊತ್ತಾಗಿತ್ತು. ಲೋಟ ತೆಗೆದುಕೊಂಡು ಎಲ್ಲವನ್ನೂ ಹೇಳಿದೆ. ಮಂಜುಳಾ ನೆಲದ ಮೇಲೆ, ನನ್ನ ಬಲಗಡೆಗೆ ಬಂದು ಕುಳಿತಳು. ಏನು ಕಾಯಿಲೆಯಂತೆ ಎಂದು ಅವಳೂ ಕೇಳಿದಳು. ಹೆಸರಿಲ್ಲ, ಎಡಗಡೆ ಕಾಣುವುದಿಲ್ಲ, ಅಷ್ಟೇ ಎಂದೆ. ನಾಳೆ ಹೆಂಗೆ ನಿಲ್ತೀರಿ ಎಂದಳು. ಕತ್ತು ತಿರುಗಿಸಿ ನೋಡುವುದನ್ನು ಕಲಿಯುತ್ತಿದ್ದೇನೆ, ಪಂದ್ಯಕ್ಕೆ ಮೊದಲು ಮೈದಾನದಲ್ಲಿ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳುತ್ತೇನೆ ಎಂದೆ. ಹಂಗಾದ್ರೆ ನಾನೂ ಬರ್ತೀನಿ ಎಂದಳು.

ಮರುದಿನ ನಿಲ್ದಾಣದಲ್ಲಿ ಬಸ್ಸಿನ ಬೋರ್ಡ್ ಓದಿ ಹತ್ತಲು ಹೋದೆ. ಮಂಜುಳಾ ಸೆರಗು ಹಿಡಿದು ಎಳೆದಳು. ನನಗೆ ಬಲಗಡೆಯ 'ದುರ್ಗ' ಅಷ್ಟೇ ಕಂಡಿತ್ತು, ಬಸ್ಸು ಚಿತ್ರದುರ್ಗಕ್ಕೆ ಹೊರಟಿತ್ತು. ಹೊಸದುರ್ಗದ ಖಾಸಗಿ ಬಸ್ಸಿಗೆ ತಲಾ ನಲವತ್ತು ರೂಪಾಯಿ. ದಾರಿಯುದ್ದಕ್ಕೂ ತೆಂಗಿನ ತೋಟ, ರಾಗಿ ಕೊಯ್ದ ಹೊಲ, ಅಲ್ಲಲ್ಲಿ ಬಣವೆ. ಮಂಜುಳಾ ಹೇಳದೆಯೇ ನನ್ನ ಎಡಗಡೆ ಕುಳಿತಿದ್ದಳು.

ಪಂದ್ಯದ ಮೈದಾನ ರಸ್ತೆಗೆ ಅಂಟಿಕೊಂಡೇ ಇತ್ತು. ಸುಣ್ಣದ ಗೆರೆ ಎಳೆದು ಎರಡೂ ಕಂಬ ನೆಟ್ಟಿದ್ದರು. ಪಂದ್ಯ ನಡೆಸುವ ನಾಗರಾಜಪ್ಪ ಮೇಷ್ಟ್ರು ಬಲ್ಲವರೇ. ಎಷ್ಟೋ ವರ್ಷ ಅಂಕಣದ ಈ ಬದಿಗೆ ನಾನು, ಆ ಬದಿಗೆ ಅವರು ಅಂಪೈರ್ ಆಗಿ ನಿಂತಿದ್ದೇವೆ. ಅವರಿಗೆ ವಿಷಯ ತಿಳಿಸಿ, ಮಕ್ಕಳ ಅಭ್ಯಾಸದಾಟಕ್ಕೆ ನಾನು ಸೀಟಿ ಊದುತ್ತೇನೆ, ನಾನು ತಪ್ಪಿದ್ದನ್ನು ಆ ಬದಿಯಿಂದ ಗಮನಿಸಿ ಎಂದೆ.

"ಮಕ್ಕಳನ್ನಂತೂ ಬಿಡ್ಲಿಲ್ಲ, ನಿಮ್ಮನ್ನ ನೀವೂ ಬಿಡಂಗಿಲ್ಲೇನ್ರಿ ಟೀಚರಮ್ಮ?" ಎಂದು ನಕ್ಕರು. ಆದರೂ ಹೋಗಿ ನಿಂತರು.

ಆಟ ಶುರುವಾಯಿತು. ಮೊದಲು ಚೆನ್ನಾಗಿಯೇ ನಡೆಯಿತು. ಓಟದ ಸದ್ದು, 'ಖೋ' ಎನ್ನುವ ಕೂಗು, ಏಳುವ ಧೂಳು ಎಲ್ಲವೂ ನನಗೆ ಹಳೆಯ ಪರಿಚಯ. ಕತ್ತನ್ನು ಆ ಕಂಬದಿಂದ ಈ ಕಂಬಕ್ಕೆ ತಿರುಗಿಸುತ್ತಲೇ ಇದ್ದೆ. ಮಧ್ಯದ ಗೆರೆ ದಾಟಿದ ಒಬ್ಬಳನ್ನು ಹಿಡಿದೆ, ಇನ್ನೊಬ್ಬಳನ್ನು ಔಟ್ ಕೊಟ್ಟೆ. ಸಾಗುತ್ತದೆ ಎನಿಸಿತು.

ಆಮೇಲೆ ಒಮ್ಮೆಗೇ ಆಟ ನಿಂತಿತು. ಏಕೆಂದು ನನಗೆ ತಿಳಿಯಲಿಲ್ಲ. ಎರಡು ಜಡೆಯ ತೆಳ್ಳನೆಯ ಹುಡುಗಿಯೊಬ್ಬಳು ಎಡಗಡೆಯಿಂದ ನಡೆದು ಬಂದು ನನ್ನ ಮುಂದೆ ನಿಂತಳು. ಓಡುವ ತಂಡದವಳು.

"ನಾನು ಔಟ್ ಟೀಚರ್. ಕಂಬದ ಹತ್ರ ಬೆನ್ನು ಮುಟ್ಟಿದ್ರು," ಎಂದಳು. ಸ್ವಲ್ಪ ತಡೆದು, "ನೀವು ಊದ್ಲಿಲ್ಲ," ಎಂದಳು.

ನಾಗರಾಜಪ್ಪನವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿದರು. ನಾನು ತಪ್ಪಿದ್ದು ಅದೊಂದೇ ಅಲ್ಲ ಎಂದು ಅದರಿಂದಲೇ ತಿಳಿಯಿತು. ಸ್ಕ್ಯಾನು, ಚುಕ್ಕಿ ಬೆಳಕಿನ ಪರೀಕ್ಷೆ ಯಾವುದೂ ಹೇಳದ್ದನ್ನು ಆ ಮಗು ಹೇಳಿತ್ತು. ಗೆರೆ ಮೆಟ್ಟಿದವರು ಎಷ್ಟೇ ಒಳ್ಳೆಯ ಆಟಗಾರರಾದರೂ ನಾನು ಬಿಟ್ಟವಳಲ್ಲ. ಈಗ ನನಗೊಂದು ಬೇರೆ ನಿಯಮ ಮಾಡಿಕೊಳ್ಳಲು ಬರುವುದಿಲ್ಲ. ನೀನು ಸರಿ ಎಂದು ಅವಳ ಬೆನ್ನು ತಟ್ಟಿ, ಸೀಟಿ ತೆಗೆದು ಮಂಜುಳಾ ಕೈಯಲ್ಲಿಟ್ಟೆ. ಅವಳ ಶಾಲೆಯ ತಂಡ ಈ ಸಲ ಬಂದಿರಲಿಲ್ಲ, ಹಾಗಾಗಿ ಅವಳು ನಿಲ್ಲಲು ಅಡ್ಡಿ ಇರಲಿಲ್ಲ. ಬೇಡ ಟೀಚರ್ ಎಂದಳು. ಹೋಗು, ಹೊತ್ತಾಯಿತು ಎಂದೆ.

ಹಿರಿಯೂರಿಗೆ ಬಸ್ಸು ಯಾವಾಗ ಎಂದು ನಾಗರಾಜಪ್ಪನವರನ್ನು ಕೇಳಿದೆ. "ಬಸ್ಸು ಸಂಜೆಗೂ ಐತೆ. ಟೈಮ್ ಹಿಡಿಯೋರು ಬೇಕು, ಕುಂತ್ಕಳ್ರಿ," ಎಂದರು. ಮೇಜನ್ನು ಅಂಕಣದ ಎಡತುದಿಗೆ ಹಾಕಿಸಿಕೊಂಡೆ. ಅಲ್ಲಿಂದ ಇಡೀ ಅಂಕಣ ನನ್ನ ಬಲಕ್ಕೆ ಬಂತು.

ಕೊನೆಯ ಪಂದ್ಯದಲ್ಲಿ ಸೋತ ತಂಡದ ಮೇಷ್ಟ್ರು ಆಟವನ್ನು ಬೇಗ ನಿಲ್ಲಿಸಿದ್ದೀರಿ ಎಂದು ಜಗಳಕ್ಕೆ ಬಂದರು. "ಟೈಮ್ ಹಿಡಿದಿರೋರು ಯಾರು ಅಂತ ನೋಡ್ಕಂಡು ಮಾತಾಡ್ರಿ," ಎಂದರು ನಾಗರಾಜಪ್ಪ. ಆ ಮೇಷ್ಟ್ರು ನನ್ನನ್ನು ನೋಡಿದರು, ಗಡಿಯಾರವನ್ನು ನೋಡಿದರು, ಗೊಣಗುತ್ತಾ ಹೋದರು.

ಸಂಜೆಯ ಹಿರಿಯೂರು ಬಸ್ಸಿನಲ್ಲಿ ಎಡಗಡೆಯ ಸೀಟು ಮಾತ್ರ ಉಳಿದಿತ್ತು. ಬಸ್ಸು ಮೈದಾನದ ಪಕ್ಕದಲ್ಲೇ ಹಾದು ಹೊರಟಿತು. ನೇರ ನೋಡಿದರೆ ಕಂಡಕ್ಟರ್ ಅಷ್ಟೇ ಕಾಣುತ್ತಿದ್ದ. ಕತ್ತನ್ನು ಎಡಕ್ಕೆ ತಿರುಗಿಸಿದೆ. ಬಲಗಡೆಯ ಕಂಬ ಕಂಡಿತು, ಮತ್ತೆ ಅರ್ಧ ಅಳಿಸಿದ ಸುಣ್ಣದ ಗೆರೆ. ಸಾಕು ಅನಿಸಿದ ಮೇಲೂ ಇನ್ನಷ್ಟು ತಿರುಗಿಸಿದೆ. ಎಡಗಡೆಯ ಕಂಬವನ್ನು ಇಬ್ಬರು ಹುಡುಗಿಯರು ಕೀಳುತ್ತಿದ್ದರು. ಒಬ್ಬಳಿಗೆ ಎರಡು ಜಡೆ. ಪಕ್ಕದಲ್ಲಿ ಮಂಜುಳಾ, ಕೊರಳಲ್ಲಿ ಸೀಟಿ, ನಾನು ನೋಡುತ್ತೇನೋ ಇಲ್ಲವೋ ಎಂದು ತಿಳಿಯದೆ ಕೈ ಎತ್ತಿ ನಿಂತಿದ್ದಳು. ಕಿಟಕಿಯಿಂದ ಕೈ ಹೊರಗೆ ಹಾಕಿ ನಾನೂ ಎತ್ತಿದೆ.